ಕೆಂಪು ಪಟ್ಟಿಗಳನ್ನು ಕೆಳಗೆ ಕಟ್ಟಿದವಳು

ನಿನ್ನೆ ಬೆಳಿಗ್ಗೆ ಸಂಪಿನಿಂದ ಟ್ಯಾಂಕಿಗೆ ನೀರು ಏರಿಸಿದೆ, ಬಾಗಿಲಿಗೆ ರಂಗೋಲಿ ಎಳೆದೆ, ಮಹಡಿಯ ಬಾಡಿಗೆಯವರ ಹಾಲಿನ ಪ್ಯಾಕೆಟ್ ಎತ್ತಿಟ್ಟೆ, ಉದ್ದು ನೆನೆಹಾಕಿದೆ — ಆಮೇಲೆ ಗುಡ್ಡಕ್ಕೆ ಹೋಗಿ, ಮೂರು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ. ದಾರಿಯ ಗುರುತಿಗೆ ಕಟ್ಟಿದ್ದ ಬಟ್ಟೆ ಪಟ್ಟಿಗಳನ್ನು ಬಿಚ್ಚಿ ಕೆಳಗೆ ಕಟ್ಟಿದವಳು ನಾನು. ಮಾದಪ್ಪನಲ್ಲ, ಸೈಕಲ್ಲಿನವರೂ ಅಲ್ಲ.

ಬನಶಂಕರಿ ಆರನೇ ಹಂತದ ನಮ್ಮ ಮನೆಯ ಹಿಂದಿರುವುದು ಅರಣ್ಯ ಇಲಾಖೆಯ ಗುಡ್ಡ. ಮಾದಪ್ಪ ಅಲ್ಲಿನ ವಾಚರ್. ಮೂರು ವರ್ಷದ ಹಿಂದೆ, ಗುಡ್ಡದಲ್ಲಿ ಸೈಕಲ್ ಓಡಿಸುವ ಜೆ.ಪಿ. ನಗರದ ಶ್ವೇತಾ, ನಡೆಯುವವರಿಗೂ ಸೈಕಲ್ಲಿಗೂ ಸೇರಿ ಒಂದೇ ಕಾಲುದಾರಿ ಮಾಡೋಣ, ನಾವೇ ಅಗೆಯುತ್ತೇವೆ ಎಂದು ಬಂದಳು. ಇಲಾಖೆಯ ಸಾಹೇಬರ ಹತ್ತಿರ ಮಾತಾಡಿ ಒಪ್ಪಿಗೆ ಕೊಡಿಸಿದವನು ಮಾದಪ್ಪ.

"ಇವ್ರು ಕಾಡಲ್ಲಿ ಸರ್ಕಸ್ ಮಾಡೋರು ಅನ್ಕೊಂಡಿದ್ದೆ ಅಕ್ಕಾ. ಗುದ್ದಲಿನೂ ಹಿಡೀತಾರೆ!" ಎಂದು ನಕ್ಕಿದ್ದ.

ಗುರುತಿಗೆಂದು ನನ್ನ ಹಳೆಯ ಕೆಂಪು ಲಂಗ ಹರಿದು ಪಟ್ಟಿ ಮಾಡಿಕೊಟ್ಟವಳೂ ನಾನೇ. ಶ್ವೇತಾ ಅವನ್ನು ಪೊದೆಗಳಿಗೆ ಕಟ್ಟುತ್ತಾ, "ದಾರಿ ಓರೆಯಾಗೇ ಹೋಗ್ಬೇಕು ಆಂಟಿ. ನೇರ ಇಳಿದ್ರೆ ಮಳೆ ತಿಂದ್ಹಾಕುತ್ತೆ" ಎಂದಳು. ಕೇಳಿಸಿಕೊಂಡಿದ್ದೆ — ಗೊತ್ತಿಲ್ಲದೆ ಮಾಡಿದೆ ಎನ್ನುವ ಹಾಗಿಲ್ಲ.

ಆದರೆ ಆ ಗೆರೆ ಹೋಗುತ್ತಿದ್ದುದು ನನ್ನ ಬೆರಕೆ ಸೊಪ್ಪಿನ ಜಾಗದ ಮೇಲೆ. ನಮ್ಮ ಹೊಲಗಳೆಲ್ಲ ಸೈಟಾದ ಮೇಲೂ ಮಳೆ ಬಿದ್ದ ವಾರಕ್ಕೆ ಅಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು ಏಳುತ್ತಿದ್ದವು. ಅತ್ತೆ ತೋರಿಸಿಕೊಟ್ಟ ಜಾಗ. ಇಲಾಖೆಯ ನೆಲದಲ್ಲಿ ಕದ್ದು ಕೀಳುವ ಸೊಪ್ಪು, ಬಾಯಿಬಿಟ್ಟು ಕೇಳುವುದು ಹೇಗೆ — ಹೀಗೆಂದುಕೊಂಡು ಮಾರನೆಯ ಬೆಳಿಗ್ಗೆ ಒಬ್ಬಳೇ ಹಿತ್ತಿಲ ಬೇಲಿ ನುಸುಳಿ ಹೋಗಿ ಏಳು ಪಟ್ಟಿಗಳನ್ನು ಬಿಚ್ಚಿ, ನೇರ ಇಳಿಜಾರಿಗೆ ಕಟ್ಟಿದೆ. ಅಗೆಯುವ ಭಾನುವಾರ ಶ್ವೇತಾ ಊರಲ್ಲಿರಲಿಲ್ಲ. ಬಂದವರು ಪಟ್ಟಿ ನೋಡಿಕೊಂಡು ಅಗೆದರು.

ಆ ವಾರವೇ ಸುರಿದ ಮಳೆಗೆ ದಾರಿ ಮೊಣಕಾಲುದ್ದದ ಕೊರಕಲಾಯಿತು. ಸಾಹೇಬರು ಬಂದು ನೋಡಿದರು.

"ನಾವು ಹಾಕಿದ್ ಗೆರೆ ಇದಲ್ಲ ಸಾರ್" ಎಂದಳು ಶ್ವೇತಾ.

"ಮತ್ತೆ? ಪಟ್ಟಿಗೆ ಕಾಲು ಬಂತಾ?"

ಎಲ್ಲರೂ ಮಾದಪ್ಪನ ಕಡೆ ತಿರುಗಿದರು. ಗೇಟಿನ ಬೀಗದ ಕೈ ಇದ್ದುದು ಅವನಲ್ಲೇ. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ. ಆಗ ಹೇಳಬಹುದಿತ್ತು. ಹೇಳಿದ್ದು ಇಷ್ಟೇ — "ಸಕ್ಕರೆ ಸಾಕಾ ಸಾರ್?"

ಒಪ್ಪಿಗೆ ರದ್ದಾಯಿತು. ಮಾದಪ್ಪನನ್ನು ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರಕ್ಕೆ ಹಾಕಿದರು. ಅವನೂ ಶ್ವೇತಾಳೂ ಒಬ್ಬರನ್ನೊಬ್ಬರು ಶಂಕಿಸುತ್ತಾ ಮಾತು ಬಿಟ್ಟರು. ನಾನು ಸೊಪ್ಪು ಕಿತ್ತು ತರುತ್ತಲೇ ಇದ್ದೆ.

ಈ ತಿಂಗಳು ಮಾದಪ್ಪ ಮರಳಿ ಬಂದಿದ್ದಾನೆ. ಹೊಸ ಸಾಹೇಬರು ಇನ್ನೊಮ್ಮೆ ನೋಡೋಣ ಎಂದಿದ್ದಾರೆ. ನಿನ್ನೆ ಗೇಟಿನ ಬಳಿ ಅವನೂ ಶ್ವೇತಾಳೂ ಆರಡಿ ದೂರ ನಿಂತು ಎತ್ತೆತ್ತಲೋ ನೋಡುತ್ತಿದ್ದರು. ಅವರ ನಡುವೆ ನಿಂತು ಹೇಳಿಬಿಟ್ಟೆ.

ಮಾದಪ್ಪ ನನ್ನ ಕಡೆ ತಿರುಗಿದ. "ಸೊಪ್ಪಿಗಾ ಅಕ್ಕಾ? ಕೇಳಿದ್ರೆ ದಾರಿನೇ ಒಂಚೂರು ಮೇಲಕ್ಕೆ ತಗೊಂಡ್ ಹೋಗ್ತಿದ್ವಲ್ಲ."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಸಾಹೇಬ್ರ ಮುಂದೆನೂ ಹೇಳ್ತೀರಾ? ನನ್ನ ಫೈಲಲ್ಲಿ ನಾನೇ ಮಾಡ್ದೆ ಅಂತ ಬರ್ದವ್ರೆ."

"ಬರೆದೇ ಕೊಡ್ತೀನಿ ಮಾದಪ್ಪ."

ಶ್ವೇತಾ ನನ್ನ ಮುಖ ನೋಡಲಿಲ್ಲ. ಅವನ ಕಡೆ ತಿರುಗಿ, "ಸಾರಿ ಅಣ್ಣ, ನೀವೇ ಅನ್ಕೊಂಡಿದ್ದೆ" ಎಂದಳು. "ನಾನೂ ನಿಮ್ಮನ್ನೇ ಬೈಕೊಂಡಿದ್ದು ಬಿಡಮ್ಮ" ಎಂದ ಅವನು. ಇಬ್ಬರೂ ಕೊರಕಲಿನ ಕಡೆ ನಡೆದರು. ಸ್ವಲ್ಪ ದೂರ ಹೋಗಿ ಅವಳು ಕೂಗಿದಳು: "ಭಾನುವಾರ ಇದನ್ನ ಮುಚ್ಚಬೇಕು ಆಂಟಿ. ಕಲ್ಲು ಹೊರೋಕೆ ಬನ್ನಿ."

ಸಂಜೆ ಕೂತು ಕಾಗದ ಬರೆದೆ, ಒಂದೇ ಪುಟ. ಸೊಪ್ಪಿನ ವಿಷಯವನ್ನೂ ಬಿಡಲಿಲ್ಲ. ಸೋಮವಾರ ನಾನೇ ಕಚೇರಿಗೆ ಹೋಗಿ ಕೊಡುತ್ತೇನೆ. ಮೂರು ವರ್ಷದ ಎರಡೆರಡು ಬಸ್ಸನ್ನು ಅದು ಹಿಂದಕ್ಕೆ ತರುವುದಿಲ್ಲ — ಗೊತ್ತು.

ಊಟಕ್ಕೆ ಅನ್ನ, ಟೊಮೆಟೊ ಗೊಜ್ಜು, ಹಪ್ಪಳ. ಯಜಮಾನರು ಟಿವಿ ನೋಡುತ್ತಿದ್ದರು. ಮೂರು ವರ್ಷದಲ್ಲಿ ಮೊದಲ ಸಲ ಅವರಿಗಿಂತ ಮುಂಚೆ ನಿದ್ದೆ ಹೋದವಳು ನಾನು.