ಔಷಧಿಯಣ್ಣನ ಮನೆಯ ನೀರಿನ ಬಟ್ಟಲು

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಔಷಧಿಯಣ್ಣ ಎನ್ನುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು ಈ ಹೆಸರನ್ನು ನಂಬಿ, ಮಗುವಿನ ಜ್ವರಕ್ಕೆ ಮಾತ್ರೆ ಕೇಳಲು ಅವನ ಬಾಗಿಲು ತಟ್ಟಿದ್ದುಂಟು. ತನ್ನ ಔಷಧಿ ಕುಡಿದರೆ ಜ್ವರವೇನು, ಯಾವ ಕಾಯಿಲೆಯೂ ಮತ್ತೆ ಹತ್ತಿರ ಸುಳಿಯುವುದಿಲ್ಲ ಎಂದು ಗಂಭೀರವಾಗಿ ಹೇಳಿ ಅವರನ್ನು ಕಳಿಸುತ್ತಿದ್ದ. ಅವನ ಕಸುಬು ಜಿರಳೆ, ತಿಗಣೆ, ಗೆದ್ದಲುಗಳಿಗೆ ವಿಷ ಹೊಡೆಯುವುದು. ಆದರೆ ವಿಷ ಎಂಬ ಮಾತು ಆ ಕಸುಬಿನಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಹೊಡೆಸುವವರಿಗೂ ಹೊಡೆಯುವವನಿಗೂ ಅದು ಔಷಧಿಯೇ. ಜಿರಳೆಗಳ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಬೆನ್ನಿಗೆ ಪಂಪು ಬಿಗಿದು, ಕೈಯಲ್ಲಿ ಕೊಳವೆ ಹಿಡಿದು ಅವನು ಹೋಟೆಲಿನ ಅಡುಗೆಮನೆಗೆ ಕಾಲಿಟ್ಟನೆಂದರೆ ದಂಡೇ ನುಗ್ಗಿದಂತೆ. ಸಿಂಕಿನ ಕೆಳಗಿನ ಕೋಟೆ, ಒಲೆಯ ಹಿಂದಿನ ಸುರಂಗ, ಫ್ರಿಜ್ಜಿನ ರಬ್ಬರಿನ ಮಡಿಕೆಯಲ್ಲಿ ತಲೆಮರೆಸಿಕೊಂಡ ಯುವರಾಜರು, ಒಬ್ಬರನ್ನೂ ಬಿಡುತ್ತಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟುವುದು ಹೇಡಿಗಳ ಲಕ್ಷಣ ಎಂದು ಅವನ ದೃಢ ನಂಬಿಕೆ. ಸಂಜೆ ಹಿಂತಿರುಗಿದಾಗ ಖಾಕಿ ಅಂಗಿ ಬೆನ್ನಿನುದ್ದಕ್ಕೂ ಒದ್ದೆಯಾಗಿರುತ್ತಿತ್ತು. ಪಂಪು ಹಳೆಯದು, ಸೋರುತ್ತಿತ್ತು.

ಇಂಥ ವೀರ ಒಮ್ಮೆ ಸೋತ. ಒಂಟಿಯಾಗಿದ್ದ ಗಡಿಯಾರ ರಿಪೇರಿಯವನೊಬ್ಬ ತೀರಿಕೊಂಡಿದ್ದ. ಅವನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಎರಡು ಟರಾಂಟುಲಾ ಇದ್ದವು, ಅಂಗೈಯಗಲದ, ಮೈತುಂಬ ರೋಮದ ಜೇಡಗಳು. ಔಷಧಿ ಹೊಡೆದು ಕೋಣೆ ಖಾಲಿ ಮಾಡಿಕೊಡು ಎಂದು ನೆಂಟರು ಇವನನ್ನು ಕರೆಸಿದ್ದರು. ಇವನು ಕೊಳವೆ ಎತ್ತಿದ. ಅದೇ ಹೊತ್ತಿಗೆ ಒಂದು ಜೇಡ ನಿಧಾನವಾಗಿ ಬಂದು, ಮುಂಗಾಲುಗಳನ್ನು ಪೆಟ್ಟಿಗೆಯೊಳಗಿನ ಪುಟ್ಟ ಬಟ್ಟಲಿನ ಅಂಚಿಗಿಟ್ಟು, ಮುಖವನ್ನು ನೀರಿಗೆ ಒತ್ತಿ ಕುಡಿಯತೊಡಗಿತು. ಕೋಟಿ ಜೀವಗಳ ಲೆಕ್ಕ ಮುಗಿಸಿದ್ದ ಕೈ ಅಲ್ಲೇ ನಿಂತಿತು. ನೀರು ಕುಡಿಯುವವರ ಮೇಲೆ ಹೇಗೆ ಹೊಡೆಯುವುದು ಎಂದು ಆಮೇಲೆ ನಮ್ಮನ್ನೇ ಕೇಳಿದ್ದ.

ಎರಡೂ ಜೇಡಗಳು ಅವನ ಎರಡಂತಸ್ತಿನ ಊಟದ ಡಬ್ಬಿಯಲ್ಲಿ ಮನೆಗೆ ಬಂದವು, ಮೇಲಿನ ಮಹಡಿಯಲ್ಲೊಂದು, ಕೆಳಗಿನ ಮಹಡಿಯಲ್ಲೊಂದು. ಗಾಜಿನ ಪೆಟ್ಟಿಗೆಗಳೂ ಬಟ್ಟಲುಗಳೂ ಚೀಲದಲ್ಲಿ ಬಂದವು. ಡಬ್ಬಿ ತೊಳೆಯಲು ಮುಚ್ಚಳ ತೆರೆದವಳು ಹೆಂಡತಿ. ಅಂದಿನ ಕೂಗು ಬೀದಿಯ ಆ ತುದಿಗೂ ಕೇಳಿಸಿತ್ತು. ನನ್ನನ್ನು ಬಿಡಿ ಇಲ್ಲವೇ ಅವನ್ನು ಬಿಡಿ ಎಂದು ಆಕೆ ಹಟ ಹಿಡಿದಳು. ಅವನು ಯೋಚಿಸಲು ಸ್ವಲ್ಪ ಸಮಯ ಕೇಳಿದ್ದರಿಂದ ಜಗಳ ಇನ್ನಷ್ಟು ಬೆಳೆಯಿತು.

ಮೊದಲು ಒಂದರ ಬಟ್ಟಲು ತೊಳೆದವನು ಅವನೇ. ಮಗುವಿಗೆ ಎಣ್ಣೆ ಹಚ್ಚುವವನಂತೆ ಬೆರಳಾಡಿಸಿ ತೊಳೆದು, ನೀರು ತುಂಬಿಟ್ಟು, ಮುಂದೆ ಕುಳಿತು ನೋಡಿದ. ಕುಡಿದ ಜೇಡ ಮರುದಿನ ಅಮಲೇರಿದವನ ಹಾಗೆ ತೂರಾಡಿತು, ಸಂಜೆಗೆ ಕಾಲುಗಳನ್ನೆಲ್ಲ ಹೊಟ್ಟೆಯಡಿಗೆ ಮಡಚಿ ಮುಷ್ಟಿಯಂತಾಗಿ ಸತ್ತಿತು. ಅವನು ತನ್ನ ಉಗುರು ಸಂದಿಗಳನ್ನು ನೋಡಿಕೊಂಡ. ಎಷ್ಟು ಸೋಪು ಹಾಕಿದರೂ ಔಷಧಿ ಅಲ್ಲೇ ಕೂತಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೂಲೆಯಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ಇನ್ಮೇಲೆ ಆ ಬಟ್ಟಲು ನೀವು ಮುಟ್ಟಬೇಡಿ," ಎಂದಳು.

ಹೀಗೆ ಜೇಡ ಕಂಡರೆ ಮಂಚ ಏರುತ್ತಿದ್ದವಳೇ ಉಳಿದ ಜೇಡದ ದಾಸಿಯಾದಳು. ಅದಕ್ಕೆ ಸವತಿ ಎಂದು ಹೆಸರಿಟ್ಟಳು. ಬೆಳಿಗ್ಗೆ ಎದ್ದು, ಮುಚ್ಚಳ ಸರಿಸಿ, ಉದ್ದನೆಯ ಇಕ್ಕಳದಿಂದ ಬಟ್ಟಲು ಎತ್ತುವಳು. ಅದರಲ್ಲಿ ಮಿಡತೆಯ ಕಾಲು, ಮಣ್ಣು, ನೂಲು ಎಲ್ಲವೂ ಇರುತ್ತಿದ್ದವು. ಸೋಪು ತಾಗಿಸದೆ, ಬಿಸಿನೀರು ಸುರಿದು, ಅದಕ್ಕೆಂದೇ ಇಟ್ಟ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚಿನ ಲೋಳೆಯೆಲ್ಲ ಹೋಗುವಂತೆ ತಿಕ್ಕಿ, ತಣ್ಣೀರು ತುಂಬಿ ಇಡುವಳು. ಆಕೆ ಬೆನ್ನು ತಿರುಗಿಸುವಷ್ಟರಲ್ಲಿ ಸವತಿ ಅದಕ್ಕೆ ಮತ್ತೆ ಮಣ್ಣು ತುಂಬುತ್ತಿತ್ತು. ಇಂಥ ಗಯ್ಯಾಳಿಯನ್ನು ಕಟ್ಟಿಕೊಂಡು ಹೇಗೆ ಬಾಳುತ್ತೀರೋ ಎಂದು ಆಕೆ ಗಂಡನನ್ನು ಬೈಯುತ್ತಿದ್ದಳು. ಗಂಡ ದೂರದ ಕುರ್ಚಿಯಲ್ಲಿ, ಗಡಿಪಾರಾದ ರಾಜನಂತೆ ಕುಳಿತು ನೋಡುತ್ತಿದ್ದ. ಪೆಟ್ಟಿಗೆಯ ಹತ್ತಿರ ಅವನಿಗೆ ಪ್ರವೇಶವಿರಲಿಲ್ಲ.

ಆ ಮನೆಯ ಎಚ್ಚರಿಕೆಯನ್ನು ಹೊಗಳದವರಿಲ್ಲ. ಅವನು ಬಾಗಿಲಲ್ಲೇ ಖಾಕಿ ಕಳಚಿ ಬಕೆಟ್ಟಿಗೆ ಹಾಕುವನು. ಆಕೆ ಅದನ್ನು ನೆನೆಸಿ, ಬರಿಗೈಯಲ್ಲಿ ಉಜ್ಜಿ, ಹಿಂಡಿ ಒಣಗಿಸುವಳು. ಆಮೇಲೆ ಮೊಣಕೈವರೆಗೆ ಸೋಪು ಹಚ್ಚಿ ಮತ್ತೆ ಮತ್ತೆ ತೊಳೆದುಕೊಳ್ಳುವಳು, ಜೇಡಕ್ಕೆ ತಾಗಬಾರದಲ್ಲ!

ಹೀಗೇ ವರ್ಷಗಳು ಕಳೆದವು. ಒಂದು ದಿನ ಇಕ್ಕಳದಲ್ಲಿ ಬಟ್ಟಲು ನಡುಗಿ ನೀರು ಚೆಲ್ಲಿತು. ಸವತಿ ದಿಟ್ಟಿಸಿ ನೋಡಿದ್ದಕ್ಕೆ ಹೀಗಾಯಿತು ಎಂದು ಆಕೆ ನಕ್ಕಳು. ನಡುಕ ನಿಲ್ಲಲಿಲ್ಲ. ಗುಂಡಿ ಹಾಕಲಾಗಲಿಲ್ಲ, ಬೆರಳುಗಳು ಮರಗಟ್ಟಿದವು. ಕೊನೆಗೆ ಇಬ್ಬರೂ ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರು ಗಂಡನ ಕೆಲಸ ಏನೆಂದು ಕೇಳಿದರು.

"ಔಷಧಿ ಹೊಡೀತಾರೆ," ಎಂದಳು ಆಕೆ.

"ಅವರ ಬಟ್ಟೆ ಯಾರು ಒಗೀತಾರಮ್ಮ?"

"ನಾನೇ. ಅವರಿಗೆ ಇನ್ಯಾರಿದ್ದಾರೆ ಒಗೆಯೋಕೆ?"

"ಕೈಗೇನಾದ್ರೂ ಹಾಕ್ಕೋತಿದ್ರಾ?"

"ಬಳೆ."

ಡಾಕ್ಟರು ನಗಲಿಲ್ಲ. ಇದರಿಂದಲೇ ಎಂದು ಆಣೆ ಇಟ್ಟು ಹೇಳಲಾಗದು, ಆದರೆ ನರಗಳು ಕೆಟ್ಟಿವೆ, ಹೋದದ್ದು ಮರಳುವುದು ಕಷ್ಟ ಎಂದರು. ಅವರು ಬರೆದುಕೊಟ್ಟದ್ದಕ್ಕೂ ಔಷಧಿ ಎಂದೇ ಹೆಸರು.

ಅವನು ಪಂಪನ್ನು ಕಂಪನಿಗೆ ಹಿಂದಿರುಗಿಸಿದ. ಖಾಕಿಯನ್ನೆಲ್ಲ ಸುಟ್ಟ. ಗೋದಾಮೊಂದರ ಗೇಟು ಕಾಯುವ ಕೆಲಸ ಹಿಡಿದ. ಚರ್ಮ ಸುಲಿಯುವಂತೆ ಕೈ ತಿಕ್ಕಿ ತೊಳೆಯುವುದು ಅವನ ಹೊಸ ಕಸುಬಾಯಿತು. ಆಕೆಗೆ ಲೋಟ ಎತ್ತಲಾಗದ ಸ್ಥಿತಿ ಬಂದರೂ, ಅವನು ತನ್ನ ಕೈಯಿಂದ ಒಂದು ಗುಟುಕೂ ಕುಡಿಸಲು ಒಪ್ಪಲಿಲ್ಲ. ಜೇಡದ ಗತಿಯೇ ಇವಳಿಗೂ ಆದೀತೆಂಬ ಭಯ. ಪಕ್ಕದ ಮನೆಯ ಚಿಕ್ಕಮ್ಮ ಬಂದು ಉಣಿಸಿ ಕುಡಿಸಿ ಹೋಗುತ್ತಿದ್ದರು. ಆದರೆ ಜೇಡದ ಪೆಟ್ಟಿಗೆಯ ಹತ್ತಿರ ಸುಳಿಯಲು ಅವರು ಸುತರಾಂ ಒಪ್ಪಲಿಲ್ಲ. ಬಟ್ಟಲು ಒಣಗಿತು.

"ಸವತಿ ಬಾಯಾರಿ ಸಾಯ್ತಾಳೆ. ನೀವೇ ನೀರಿಡಿ," ಎಂದಳು ಹೆಂಡತಿ.

"ನನ್ನ ಕೈ ಬೇಡ ಕಣೇ."

"ಅವಳು ಕುಡಿದು ಬದುಕಿದ್ರೆ ನನಗೂ ನೀವೇ ಕುಡಿಸಿ. ಅರಮನೇಲಿ ಹಂಗೇ ಅಲ್ವಾ, ರಾಣಿಗಿಂತ ಮೊದಲು ಬೇರೆಯವರು ರುಚಿ ನೋಡೋದು?"

ಕೋಟೆಗಳನ್ನು ಕೆಡವಿದ ಶೂರ ಅಂಗೈಯಷ್ಟು ಬಟ್ಟಲನ್ನು ಹೆದರಿ ಹೆದರಿ ತೊಳೆದ. ಬಿಸಿನೀರು ಸುರಿದ, ತಿಕ್ಕಿದ, ಮತ್ತೆ ಸುರಿದ. ಆಕೆ ಹಾಸಿಗೆಯಿಂದಲೇ ಅಪ್ಪಣೆ ಕೊಡುತ್ತಿದ್ದಳು. ನೀರಿಟ್ಟ ಮೇಲೆ ಸವತಿ ತೆವಳಿಕೊಂಡು ಬಂದು, ಮುಖವಿಟ್ಟು ಬಹಳ ಹೊತ್ತು ಕುಡಿಯಿತು. ಅದು ಮುಖ ಎತ್ತುವವರೆಗೂ ಇಬ್ಬರೂ ನೋಡಿದರು.

ಬೆಳಿಗ್ಗೆ ಅದು ಬಟ್ಟಲಿನ ಪಕ್ಕದಲ್ಲೇ ಕಾಲು ಮಡಚಿ ಸತ್ತಿತ್ತು.

ಅವನು ಪೆಟ್ಟಿಗೆಗೆ ಅಡ್ಡವಾಗಿ ನಿಂತ. ಅವನ ಬೆನ್ನು ನೋಡಿಯೇ ಆಕೆಗೆ ತಿಳಿಯಿತು.

"ಅದಕ್ಕೆ ವಯಸ್ಸಾಗಿತ್ತು. ಆ ಗಡಿಯಾರದವರ ಕಾಲದ್ದು," ಎಂದಳು. "ನೀರು ತನ್ನಿ."

ಚಿಕ್ಕಮ್ಮನನ್ನು ಕರೆಯುತ್ತೇನೆಂದು ಅವನು ಬಾಗಿಲ ಕಡೆ ಹೊರಟ.

"ಇಷ್ಟು ವರ್ಷ ನಿಮ್ಮ ಅಂಗಿ ಹಿಂಡಿದೀನಿ. ಒಂದು ಲೋಟ ನೀರಿನಲ್ಲಿ ಹೊಸದಾಗಿ ಏನಿರತ್ತೆ? ಬನ್ನಿ ಇಲ್ಲಿ."

ಅವನು ಲೋಟ ತಂದು ಆಕೆಯ ತುಟಿಗೆ ಹಿಡಿದ. ಅರ್ಧ ನೀರು ಆಕೆಯ ಕುತ್ತಿಗೆಗೆ ಇಳಿಯಿತು. ಉಳಿದದ್ದನ್ನು ಕುಡಿದು ಮುಗಿಸಿ, ಇನ್ನೂ ಬೇಕು ಎಂದಳು.