ನಾಕಾ ದಾಟಿದ ಗಾಡಿ

ಆಳಂದದ ನಮ್ಮ ಇಂಗ್ಲಿಷ್ ಮಾಸ್ತರರು ಶಬ್ದ ಆರಿಸುವಾಗ ಎರಡೂ ಕೈಗಳನ್ನು ತಕ್ಕಡಿಯಂತೆ ಏರಿಳಿಸುತ್ತಿದ್ದರು. "ತಡೀರಿ, ತೂಗಿ ನೋಡೂಣು" ಎಂಬುದು ಅವರ ನಿತ್ಯದ ಮಾತು.

ಒಮ್ಮೆ ಖಜೂರಿಯ ಸುಂಕದ ನಾಕಾದ ಜವಾನ ಅವರಲ್ಲಿಗೆ ಇಂಗ್ಲಿಷಿನಲ್ಲಿ ಜವಾಬು ಬರೆಸಲು ಬಂದ. ಸುಂಕ ಕಟ್ಟದ ಎತ್ತಿನ ಗಾಡಿಯೊಂದು ಅವನೆದುರೇ ದಾಟಿಹೋಗಿತ್ತು. ಇಂಗ್ಲಿಷ್ ಸಾಹೇಬರು ಬರಹದಲ್ಲಿ ಕಾರಣ ಕೇಳಿದ್ದರು.

"'ಓವರ್‌ಲುಕ್' ಅಂದ್ರ ಲಕ್ಷ್ಯ ತಪ್ಪಿದಂಗ, ಬೈದು ಬಿಡ್ತಾರ. 'ಇಗ್ನೋರ್' ಅಂದ್ರ ಕಂಡೂ ಬಿಟ್ಟಂಗ, ನೌಕರಿ ಹೋಗ್ತದ. ಯಾವುದು ಬರೀಲೋ?" ಎಂದರು ಮಾಸ್ತರರು.

"ಗಾಡಿ ಕಂಡಿತ್ರಿ. ಅಂಗೈಯಾಗ ಲಿಂಗ ಇತ್ತು. ಪೂಜಿ ನಡುವ ಹ್ಯಾಂಗ ಏಳ್ಲಿರಿ?"

ಮಾಸ್ತರರು ಎರಡೂ ಶಬ್ದ ಬಿಟ್ಟು, ಅವನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದುಕೊಟ್ಟರು.

ನೌಕರಿ ಉಳಿಯಿತು. ನಾಕಾ ತೆರೆಯುವ ಮೊದಲೇ ಪೂಜೆ ಮುಗಿಸತಕ್ಕದ್ದೆಂದು ಸಾಹೇಬರ ಹುಕುಂ ಬಂತು.