ಎಂಬತ್ತರ ಕೂಸಿಗೆ ಜೋಗುಳ

ಹೋದ ವರ್ಷ ಹಾನಗಲ್ಲಿನಿಂದ ಒಬ್ಬ ಹುಡುಗಿ ಫೋನ್ ಮಾಡಿ, "ನಮ್ಮನಿ ಕೂಸಿನ ಹುಟ್ಟಿದ ದಿನ ಐತ್ರಿ, ಬಂದು ಹಾಡ್ರಿ" ಎಂದಳು. ಹಿರೇಕೆರೂರಿನ ಸುತ್ತಮುತ್ತ ಮದುವೆ, ತೊಟ್ಟಿಲು ಕಾರ್ಯಗಳಿಗೆ ಹಾಡುವುದು ನನ್ನ ಕಸುಬು. ತಬಲಾ ಬಾರಿಸಲು ಸವಣೂರಿನ ಚಾಚಾ ಬರುತ್ತಾರೆ. ಇಬ್ಬರೂ ಒಂದು ವಾರ ಜೋಗುಳಗಳನ್ನೇ ತಾಲೀಮು ಮಾಡಿಕೊಂಡು ಹೋದೆವು.

ನೋಡಿದರೆ, ಹೂ ಸುತ್ತಿದ ಕುರ್ಚಿಯಲ್ಲಿ ತಲೆಗೆ ಪಟಗಾ ಸುತ್ತಿಕೊಂಡ ಅಜ್ಜ!

"ಈ ಅಜ್ಜನ ನೋಡ್ರಿ ನಮ್ಮ ಕೂಸು. ಎಂಬತ್ತು ತುಂಬಿತು" ಎಂದು ಫೋನ್ ಮಾಡಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕಳು.

ನಾನು ಚಾಚಾರ ಕಡೆ ತಿರುಗಿದೆ. ನಮ್ಮ ಮೊದಲ ಹಾಡೇ "ಸಾಕಿನ್ನು ನಿನ್ನಾಟ, ಕಣ್ಮುಚ್ಚೊ ಕಂದ" ಎಂದು ಶುರುವಾಗುತ್ತದೆ. ಎಂಬತ್ತರವರಿಗೆ ಕಣ್ಣು ಮುಚ್ಚು ಅನ್ನುವುದೆ?

"ಚಾಚಾ, ದೇವರ ಪದ ಹಿಡೀಲೇನ್ರಿ?" ಎಂದು ಪಿಸುಗುಟ್ಟಿದೆ.

"ಯಾಕವ್ವ? ಜೋಗುಳನ ಹಾಡು. ನಗಸೂದು, ಅಳಸೂದು ನಿನ್ನ ಕೊರಳಾಗ ಐತಿ."

ಹಾಡಿದೆ. ವಾರವಿಡೀ ಮೆಲ್ಲಗೆ ತೂಗಿದ್ದ ಸಾಲು ಅಜ್ಜನ ಮುಖ ಕಂಡದ್ದೇ ಗದರಿಕೆಯಾಗಿ ಎದ್ದಿತು. "ಸಾಕಿನ್ನು!" ಎಂದಲ್ಲಿ ಚಾಚಾ ಫಟ್ಟನೆ ಒಂದು ಪೆಟ್ಟು ಹಾಕಿದರು. ಅಜ್ಜ ಶಾಲೆಯ ಹುಡುಗನಂತೆ ಗಟ್ಟಿಯಾಗಿ ಕಣ್ಣು ಮುಚ್ಚಿದರು. ಜನ ಹೋ ಎಂದು ನಕ್ಕರು.

ಮುಂದೆ ಕುಳಿತಿದ್ದ ಅಜ್ಜನ ಹೆಂಡತಿ, ಆ ಮನೆಯ ಅಜ್ಜಿ, ಸೆರಗು ಸಿಕ್ಕಿಸಿಕೊಂಡು ಎದ್ದು ಬಂದರು. "ತಂಗಿ, ಹಂಗಲ್ಲ. ಇಲ್ಲಿ ಕೊಡು" ಎಂದು ಮೈಕು ಕಸಿದುಕೊಂಡರು. "ಸಾಕಿನ್ನು ನಿನ್ನಾಟ" ಎನ್ನುತ್ತ ಅಜ್ಜನಂತೆಯೇ ಗಾಳಿಯಲ್ಲಿ ಇಸ್ಪೀಟು ಎಲೆ ಹಂಚಿ ತೋರಿಸಿದರು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕುಳಿತಳು.

"ಎಲ್ಲಿ ಸಾಕು? ಇನ್ನೊಂದು ಕೈ ಐತಿ!" ಎಂದು ಅಜ್ಜ ಕೂಗಿದರು.

ಅಜ್ಜಿ ಅದೇ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡರು. ಈ ಸಲ ನಿಧಾನವಾಗಿ, ಅಜ್ಜನ ಪಟಗಾ ಸರಿಮಾಡುತ್ತ. ದನಿ ಒಡೆದಿತ್ತು, ಶ್ರುತಿಯೂ ಇರಲಿಲ್ಲ. ಎಷ್ಟೋ ತೊಟ್ಟಿಲ ಮುಂದೆ ಹಾಡಿದ ನನಗೆ ಆ ಸಾಲಿನಲ್ಲಿ ಇಷ್ಟು ಇದೆ ಎಂದು ಗೊತ್ತಿರಲಿಲ್ಲ.

ಅಜ್ಜ ಒಂದೇ ಕಣ್ಣು ತೆರೆದು, "ಮಲಗಲೇನು ಈಗ?" ಎಂದರು.

"ಮಲಗ್ರಿ, ನಿಮ್ಮ ಹೋಳಿಗಿ ನಾ ತಿಂತೇನಿ!"

ಮತ್ತೆ ಗದ್ದಲ. ಮಗಳು ಬಂದು ಹಾಡಿದಳು, ಸೊಸೆ ಹಾಡಿದಳು, ಬೀಗರೂ ಹಾಡಿದರು. ಬೇರೆ ಯಾವ ಹಾಡಿಗೂ ಸರದಿ ಬರಲಿಲ್ಲ. ಕೊನೆಗೆ ನಕ್ಕು ನಕ್ಕು ಚಾಚಾ ತಾಳ ತಪ್ಪಿದರು, ನಾನು ಪದ ಮರೆತೆ. ಯಾರೂ ನಿಲ್ಲಿಸು ಅನ್ನಲಿಲ್ಲ.